ನಲವತ್ತೆಂಟು ದಿನದ ಕಾಯಿ

ನನ್ನ ಮೂರು ಕಣ್ಣಾಣೆ, ಇದು ನಡೆದದ್ದು. ಒಂದು ಕಣ್ಣಿನ ಆಣೆ ಇಟ್ಟರೆ ನೀವು ನಂಬುವುದಿಲ್ಲ ಎಂದು ಮೂರನ್ನೂ ಇಡುತ್ತಿದ್ದೇನೆ. ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ನನ್ನ ಎಳನೀರೆಲ್ಲ ಸೀಮೆಎಣ್ಣೆಯಾಗಿ ಹೋಗಲಿ.

ನಾನು ಒಂದು ತೆಂಗಿನಕಾಯಿ. ತಿಪಟೂರು ಸೀಮೆಯ ಒಂದು ತೋಟದಲ್ಲಿ, ಬಾವಿ ಪಕ್ಕದ ಮರದಲ್ಲಿ ಹುಟ್ಟಿದೆ. ಆ ಮರ ಎಷ್ಟು ಎತ್ತರ ಅಂತೀರಿ? ಹದ್ದುಗಳು ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಂಡು ಮೇಲೆ ಬರುತ್ತಿದ್ದವು. ಒಂದು ದಿನ ವಿಮಾನ ಹೋಗುವಾಗ ಪೈಲಟ್ಟು ಕಿಟಕಿಯಿಂದ ಕೈ ಚಾಚಿ ನಮ್ಮ ಗೊನೆಯಿಂದ ಒಂದು ಎಳನೀರು ಕಿತ್ತುಕೊಂಡ. ನನ್ನ ಪಕ್ಕದವನೇ ಹೋದ, ಕೂದಲೆಳೆಯಲ್ಲಿ ನಾನು ಉಳಿದೆ. ಬಲಿತ ಮೇಲೆ ಕಾಯಿ ಕೀಳುವವರು ಉದ್ದನೆಯ ದೋಟಿ ತಂದು ನನ್ನನ್ನು ಕೆಡವಿದರು. ನಾನು ಬಿದ್ದ ಸದ್ದಿಗೆ ಮೂರು ಊರಿನ ನಾಯಿಗಳು ಬೊಗಳಿದವು.

ನನ್ನ ಒಡಹುಟ್ಟಿದವರೆಲ್ಲ ಅಟ್ಟ ಹತ್ತಿ ಕೊಬ್ಬರಿಯಾದರು. ನನ್ನನ್ನು ಮಾತ್ರ ಸುಲಿದು, ಜುಟ್ಟು ಬಿಟ್ಟು, ಗುಡಿ ಮುಂದಿನ ಪೂಜೆ ಸಾಮಾನಿನ ಅಂಗಡಿಗೆ ಕಳಿಸಿದರು. ಅಲ್ಲಿ ಊದುಬತ್ತಿ ಹೊಗೆ ಕುಡಿದುಕೊಂಡು ಆರಾಮಾಗಿದ್ದೆ. ನಾಲ್ಕನೇ ದಿನ ಒಬ್ಬ ಹೆಂಗಸು ಬಂದಳು. ಇಪ್ಪತ್ತಮೂರು ವರ್ಷವಿರಬಹುದು. ಹೆಸರು ದಾಕ್ಷಾಯಣಿ. ಒಂದೊಂದೇ ಕಾಯಿ ಎತ್ತಿ ತಟ್ಟುತ್ತಾಳೆ, ಇಡುತ್ತಾಳೆ, ಮತ್ತೆ ಎತ್ತುತ್ತಾಳೆ.

ಅಂಗಡಿಯವನು ನಗಾಡಿದ. “ಏನವ್ವ, ಕಾಯಿ ಆರಿಸ್ತಿದೀಯೋ, ಹೆಣ್ಣು ನೋಡಕ್ಕೆ ಬಂದಿದೀಯೋ?”

“ಕಟ್ಟೋ ಕಾಯಿ ಕಣಣ್ಣ. ಒಳಗೆ ಕೆಟ್ಟಿದ್ರೆ ನನ್ನ ನೇಮ ಕೆಡ್ತದೆ.”

ನನ್ನನ್ನು ಎತ್ತಿ ಎಡಗಿವಿಯ ಹತ್ತಿರ ಅಲ್ಲಾಡಿಸಿದಳು. ನಾನು ಒಳಗಿನ ನೀರನ್ನೆಲ್ಲ ಕೂಡಿಸಿ ಕೆರೆ ಕೋಡಿಯ ಹಾಗೆ ಸದ್ದು ಮಾಡಿದೆ. ಅವಳ ಮುಖ ಚಪ್ಪೆಯಾಯಿತು. ಆಮೇಲೆ ಏನೋ ನೆನಪಾದವಳ ಹಾಗೆ ನನ್ನನ್ನು ಬಲಗಿವಿಗೆ ಹಿಡಿದಳು. ಆಗ ಕೇಳಿಸಿತು, ನಕ್ಕಳು. ಗಂಡ ಹೊಡೆದ ಒಂದು ಏಟಿಗೆ ಅವಳ ಎಡಗಿವಿ ಹೋಗಿ ಆರು ತಿಂಗಳಾಗಿತ್ತು. ಕಿವಿ ಹೋದದ್ದು ಅವಳಿಗೇ ಇನ್ನೂ ರೂಢಿಯಾಗಿರಲಿಲ್ಲ.

ಆ ಸೀಮೆಯಲ್ಲಿ ಕಾಯಿ ಕಟ್ಟುವುದೆಂದರೆ ಹೀಗೆ. ಹರಕೆ ಹೊತ್ತವರು ಕಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಜುಟ್ಟು ಕಾಣುವ ಹಾಗೆ ಬಾಗಿಲ ಮೇಲೆ ತೂಗುಹಾಕಬೇಕು. ನಲವತ್ತೆಂಟು ದಿನ ಸಂಜೆವರೆಗೆ ಉಪವಾಸ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೈಯಲ್ಲೇ ಕಾಯಿಗೂ ನೀರು ಚಿಮುಕಿಸಿ, ಬಾಗಿಲ ಚೌಕಟ್ಟಿಗೆ ದಿನಕ್ಕೊಂದು ಕುಂಕುಮದ ಬೊಟ್ಟು ಇಡಬೇಕು. ನಲವತ್ತೊಂಬತ್ತನೇ ದಿನ ಕಾಯಿಯನ್ನು ಗುಡಿಗೆ ಒಯ್ದು ಒಡೆಯಬೇಕು. ಅಲ್ಲಿಗೆ ಹರಕೆ ಫಲಿಸಿದ ಲೆಕ್ಕ.

ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟವರು ಗುಡಿಯ ಅಯ್ನೋರು, ಪಂಚಾಕ್ಷರಯ್ಯ. ಕೆಟ್ಟವರಲ್ಲ. ಅವಳ ಕಿವಿ ನೋಡಿ ಅವರ ಕಣ್ಣಲ್ಲೂ ನೀರು ಬಂತು. ಆದರೆ ಹೇಳಿದ್ದು ಇದು: “ನೋಡವ್ವ, ಈ ನಲವತ್ತೆಂಟು ದಿನದೊಳಗೆ ನಿನ್ನ ಗಂಡ ಕೈ ಎತ್ತಬಾರ್ದು. ಎತ್ತಿದ್ನೋ, ನಿನ್ನ ನೇಮದಲ್ಲಿ ಎಲ್ಲೋ ಲೋಪ ಆಗೈತೆ ಅಂತ ತಿಳ್ಕೋ. ಬೊಟ್ಟೆಲ್ಲ ಒರೆಸ್ಬಿಟ್ಟು ಮತ್ತೆ ಒಂದರಿಂದ ಶುರು ಮಾಡು.”

ನನಗೆ ಜುಟ್ಟು ನೆಟ್ಟಗಾಯಿತು. ಹೊಡೆಯುವವನು ಅವನು, ಲೋಪ ಇವಳದ್ದೇ? ನಾನು ಶಾಲೆ ಮೆಟ್ಟಿಲು ಹತ್ತಿದ್ದಿಲ್ಲ. ಆದರೂ ಈ ಲೆಕ್ಕ ತಪ್ಪು ಎಂದು ನನಗೇ ಗೊತ್ತಾಯಿತು. ಕೂಗಿ ಹೇಳಿದೆ ಕೂಡ. ಅವರಿಗೆ ಕೇಳಿಸಿದ್ದು ಒಳಗಿನ ನೀರು ಕುಲುಕಿದ ಸದ್ದು ಮಾತ್ರ. “ಒಳ್ಳೆ ಕಾಯಿ” ಎಂದರು.

ಹೀಗೆ ನಾನು ಅವಳ ಮನೆಯ ನಡುಬಾಗಿಲ ಮೇಲೆ ನೇತಾಡಿದೆ. ಮನೆಯಲ್ಲಿ ಮೂರೇ ಜನ. ದಾಕ್ಷಾಯಣಿ, ಅವಳ ಅತ್ತೆ ಹೊನ್ನಮ್ಮ, ಗಂಡ ನಾಗಭೂಷಣ. ಅವನದು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರನ್ನು ಬಿಚ್ಚಿ, ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಎಳೆ ಎಳೆಯಾಗಿ ಸುತ್ತುತ್ತಿದ್ದ. ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ. ಸೋಮವಾರ ಭಜನೆಗೆ ತಾಳ ಹಾಕುತ್ತಿದ್ದ. “ಅಂಥ ಗಂಡ ಸಿಕ್ಕಿರೋದು ನಿನ್ನ ಪುಣ್ಯ” ಎಂದು ಬೀದಿಯ ಹೆಂಗಸರು ಹೇಳುವಾಗ ದಾಕ್ಷಾಯಣಿ ಬಲಗಿವಿಯನ್ನು ಅವರ ಕಡೆ ತಿರುಗಿಸಿ ತಲೆಯಾಡಿಸುತ್ತಿದ್ದಳು.

ಅವಳ ಒಂದೇ ಒಂದು ಚಿಂತೆಯನ್ನು ನಾನು ಮೊದಲ ವಾರದಲ್ಲೇ ತಿಳಿದುಕೊಂಡೆ. ಹಿಂದಿನ ವರ್ಷ ನಾಲ್ಕು ತಿಂಗಳ ಬಸಿರು ಹೋಗಿತ್ತು. ಊರಿಗೆ ‘ಬಚ್ಚಲಲ್ಲಿ ಜಾರಿದಳು’ ಎಂದು ಹೇಳಿದ್ದರು. ಬಚ್ಚಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಈಗ ಮತ್ತೆ ನೀರು ನಿಂತಿತ್ತು. ಈ ಮಗು ಉಳಿಯಬೇಕು. ದಿನಾ ಬೆಳಿಗ್ಗೆ ನನಗೆ ನೀರು ಚಿಮುಕಿಸಿ ಅವಳು ಕೇಳುತ್ತಿದ್ದದ್ದು ಅಷ್ಟೇ.

ಮೊದಲ ಸಲ ಹನ್ನೊಂದನೇ ದಿನಕ್ಕೆ ಕೈ ಎತ್ತಿದ, ಮುದ್ದೆ ಗಂಟಾಗಿತ್ತು ಎಂದು. ಅವಳು ಗೋಡೆಗೆ ಒರಗಿ ಕೂತು ತನ್ನ ತಪ್ಪು ಹುಡುಕಿದಳು. ಹುಡುಕಿದರೆ ಸಿಗದೇ ಇರುತ್ತದೆಯೇ? ಆವತ್ತು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುವಾಗ ಒಂದು ಎಸಳು ಬಾಯಿಗೆ ಹಾಕಿಕೊಂಡಿದ್ದಳಂತೆ. “ಅದಕ್ಕೇ ಆಗಿದ್ದು” ಎಂದು ಒದ್ದೆ ಬಟ್ಟೆ ತಂದು ಹನ್ನೊಂದು ಬೊಟ್ಟನ್ನೂ ಒರೆಸಿದಳು. ಎರಡನೇ ಸಲ ಹತ್ತೊಂಬತ್ತು. ಮೂರನೇ ಸಲ ಮೂವತ್ತಮೂರು.

ನನಗೆ ಹೆದರಿಕೆ ಶುರುವಾದದ್ದು ಈ ಮೂವತ್ತಮೂರಕ್ಕೆ. ಏಕೆಂದರೆ ಅವಳ ಮುಖ ಅರಳಿತ್ತು. ತುಟಿ ಒಡೆದಿದೆ, ಆದರೂ ಅತ್ತೆಗೆ ಹೇಳುತ್ತಾಳೆ: “ನೋಡಿ ಅತ್ತೆ, ಹನ್ನೊಂದು, ಹತ್ತೊಂಬತ್ತು, ಮೂವತ್ತಮೂರು. ದಿನ ಜಾಸ್ತಿ ಆಗ್ತಾ ಅವೆ. ಸುಧಾರಿಸ್ತಾ ಅವ್ರೆ.”

ಹೊನ್ನಮ್ಮ ಎಲೆಗೆ ಸುಣ್ಣ ಸವರುತ್ತ ಹೇಳಿದಳು: “ನಾನು ಏಳು ಕಾಯಿ ಕಟ್ಟಿದೀನಿ ಕಣಮ್ಮಿ. ಏಳನೇದಕ್ಕೆ ನಿಮ್ಮಾವ ಕೈ ಎತ್ತೋದು ನಿಲ್ಸಿದ್ರು.”

“ಹೆಂಗತ್ತೆ?”

“ಲಕ್ವ ಹೊಡೀತು. ಬಲಗೈ ಬಿದ್ದೋಯ್ತು. ದೇವರು ದೊಡ್ಡೋನು.”

ನಾನು ನಗಬೇಕೋ ಅಳಬೇಕೋ ತಿಳಿಯದೆ ಹಗ್ಗದಲ್ಲಿ ಒಂದು ಸುತ್ತು ತಿರುಗಿದೆ.

ನಾಲ್ಕನೇ ಸಲ ಮೂವತ್ತಾರನೇ ಬೊಟ್ಟು ಇಟ್ಟ ದಿನ, ಒಂದು ಗುರುವಾರ, ಅವಳ ಅಕ್ಕ ಗಿರಿಜಾ ಬಂದಳು. ತಿಪಟೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಯವಳು. ಗಂಡ ತೀರಿಕೊಂಡಿದ್ದ. ಬಾಯಿ ಜೋರು. ನಾಗಭೂಷಣ ಅಂಗಡಿಗೆ ಹೋಗಿದ್ದ, ಹೊನ್ನಮ್ಮ ಹಿತ್ತಲಲ್ಲಿದ್ದಳು. ಅಕ್ಕತಂಗಿ ನನ್ನ ಕೆಳಗೇ ಕೂತರು.

“ಹಾಸ್ಟೆಲಲ್ಲಿ ಒಂದು ಜಾಗ ಖಾಲಿ ಐತೆ ಕಣೇ. ಅಡುಗೆಗೆ ಕೈ ಜೋಡಿಸೋದು. ಇರಕ್ಕೆ ನನ್ನ ಕೋಣೆನೇ ಐತೆ. ಸೋಮವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ.”

“ನಲವತ್ತೆಂಟಕ್ಕೆ ಇನ್ನು ಹನ್ನೆರಡೇ ದಿನ ಅಕ್ಕ.”

“ಹೊಟ್ಟೇಲಿರೋದು ನಿನ್ನ ಬೊಟ್ಟು ಎಣಿಸ್ಕೊಂಡು ಕೂತಿರ್ತದಾ?”

ದಾಕ್ಷಾಯಣಿ ಹೊಟ್ಟೆ ಮುಟ್ಟಿಕೊಂಡಳು. ಆಮೇಲೆ ಹೇಳಿದಳು: “ಸೋಮವಾರದೊಳಗೆ ಕೈ ಮಾಡಿದ್ರೆ ಬತ್ತೀನಿ. ಮಾಡ್ದಿದ್ರೆ ನೀನು ನನ್ನ ಕರೀಬಾರ್ದು.”

ಆ ನಾಲ್ಕು ದಿನ ನನ್ನ ಪಾಡು ಹೇಳತೀರದು. ಅವನು ಹೊಡೆಯಲಿ ಎಂದು ಹಾರೈಸುವುದೇ? ಹೊಡೆದರೆ ಹೊಟ್ಟೆಗೆ ಬಿದ್ದರೆ? ಹೊಡೆಯದಿದ್ದರೆ ಇವಳು ಇಲ್ಲೇ ಉಳಿಯುತ್ತಾಳೆ, ಆಮೇಲೆ ಎಂದೋ ಒಂದು ದಿನ? ಯೋಚಿಸಿ ಯೋಚಿಸಿ ನನ್ನೊಳಗಿನ ನೀರೆಲ್ಲ ಕುದಿದು ಪಾಯಸವಾಗುವ ಹಾಗಾಗಿತ್ತು. ಇದರ ಮೇಲೆ ಇನ್ನೊಂದು ಸಂಕಟ. ನನ್ನ ಒಂದು ಕಣ್ಣು ನವೆಯಾಗತೊಡಗಿತು. ಒಳಗಿನಿಂದ ಯಾರೋ ಬೆರಳಿನಲ್ಲಿ ತಳ್ಳಿದ ಹಾಗೆ.

ಸೋಮವಾರ ಬೆಳಿಗ್ಗೆ ನಲವತ್ತನೇ ಬೊಟ್ಟು ಬಿತ್ತು. ರೊಟ್ಟಿ ಬಡಿಸುತ್ತ ಅವಳು ಮೆಲ್ಲಗೆ ಕೇಳಿದಳು: “ಏನೂಂದ್ರೆ, ಆಸ್ಪತ್ರೇಲಿ ಬಸುರೀರ ಹೆಸರು ಬರೆಸ್ಬೇಕಂತೆ. ಇವತ್ತು ಹೋಗ್ಬರ್ಲಾ?”

“ಡಾಕ್ಟ್ರು ಹತ್ರ ಏನೇನು ಹೇಳ್ಕೊಂಡು ಬರಕ್ಕೆ?”

ಅಷ್ಟೇ. ತುರುಬು ಹಿಡಿದು ಎಳೆದು ಅವಳ ಮುಖವನ್ನು ಬಾಗಿಲ ಚೌಕಟ್ಟಿಗೆ ಒತ್ತಿದ. ಕೂಗಾಡಲಿಲ್ಲ, ಬೈಯಲಿಲ್ಲ. ಆಮೇಲೆ ಕೈ ತೊಳೆದು, ತಲೆ ಬಾಚಿ, ಅಂಗಡಿಗೆ ಹೋದ. ಅವಳ ಕೆನ್ನೆಯ ತುಂಬ ಕುಂಕುಮ. ನಲವತ್ತು ದಿನದ ಬೊಟ್ಟೂ ಅವಳ ಮುಖಕ್ಕೆ ಮೆತ್ತಿಕೊಂಡಿತ್ತು.

ಈ ಸಲ ಅವಳು ತಪ್ಪು ಹುಡುಕಲಿಲ್ಲ. ಮುಖ ತೊಳೆದು, ಎರಡು ಸೀರೆ ಚೀಲಕ್ಕೆ ಹಾಕಿದಳು. ಗಿರಿಜಾ ಬಂದು ಅಂಗಳದಲ್ಲಿ ನಿಂತಿದ್ದಳು. ಹೊನ್ನಮ್ಮ ಜಗಲಿಯಲ್ಲಿ ಕೂತಿದ್ದಳು. ದಾಕ್ಷಾಯಣಿ ಚೀಲ ಹಿಡಿದು ನಡುಬಾಗಿಲಿಗೆ ಬಂದಳು. ಹೋಗವ್ವ, ಹೋಗು ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಹೊಸಿಲು ದಾಟುವ ಮುಂಚೆ ಒಂದು ಸಲ ಕೈ ಮುಗಿಯೋಣ ಎಂದು ತಲೆ ಎತ್ತಿದಳು.

ಆಗ ಕಂಡಿತು. ಬಟ್ಟೆ ಸಂದಿಯಿಂದ, ನನ್ನ ಕಣ್ಣಿನಿಂದ ಒಂದು ಬೆಳ್ಳಗಿನ ಮೊಳಕೆ.

ನಾನು ತಡೆಯಲು ನೋಡಿದೆ ಎಂದು ಆಣೆ ಇಟ್ಟು ಹೇಳುತ್ತೇನೆ. ಉಸಿರು ಬಿಗಿಹಿಡಿದೆ, ಆಗಲಿಲ್ಲ. ನೂರಕ್ಕೂ ಹೆಚ್ಚು ದಿನ ಬಿಡದೆ ನೀರು ಹಾಕಿದರೆ ತೆಂಗಿನಕಾಯಿ ಇನ್ನೇನು ಮಾಡುತ್ತದೆ? ಮೊಳೆಯುತ್ತದೆ. ನಾನು ದೇವರಲ್ಲ, ಕಾಯಿ. ಆದರೆ ಇದನ್ನು ಯಾರಿಗೆ ಹೇಳಲಿ?

“ಅತ್ತೇ!” ಎಂದು ಕೂಗಿದಳು. ಹೊನ್ನಮ್ಮ ಬಂದು ನೋಡಿ ಎರಡೂ ಕೆನ್ನೆಗೆ ಬಡಿದುಕೊಂಡಳು. “ಶಿವನೇ! ನನ್ನ ಏಳು ಕಾಯಲ್ಲಿ ಒಂದೂ ಕಣ್ಣು ಬಿಡ್ಲಿಲ್ಲ ಕಣಮ್ಮಿ! ನಿನಗೆ ಕೈಲಾಸದಿಂದ ಅಪ್ಪಣೆ ಆಗೈತೆ. ಹೊಟ್ಟೇಲಿರೋ ಕಂದಂಗೂ ಆಗೈತೆ!” ಅರ್ಧ ಗಳಿಗೆಯಲ್ಲಿ ಬೀದಿ ಸೇರಿತು. ಅಯ್ನೋರು ಓಡಿ ಬಂದು ಮಂಗಳಾರತಿ ಎತ್ತಿದರು. ಅಂಗಡಿಯಿಂದ ನಾಗಭೂಷಣ ಬಂದ. ಮೊಳಕೆ ನೋಡಿದ, ಎಲ್ಲರ ಮುಂದೆ ಕೈ ಮುಗಿದ, ಕಣ್ಣೀರು ಹಾಕಿದ. “ಇನ್ಮೇಲೆ ಇಲ್ಲ ದಾಕ್ಷಿ” ಎಂದ. ನಿಜವಾದ ಕಣ್ಣೀರೇ. ಅದೇ ನನಗೆ ಇನ್ನೂ ಭಯ ಹುಟ್ಟಿಸಿದ್ದು.

ಅವಳು ಚೀಲ ಬಿಚ್ಚಿದಳು. ಗಿರಿಜಾ ಬಸ್ಸಿಗೆ ಹೊರಡುವಾಗ ನನ್ನನ್ನು ನೋಡಿದ ನೋಟ ಈಗಲೂ ನನ್ನ ಮೈ ಸುಡುತ್ತದೆ. “ಒಂದು ತಿಂಗಳು ಜಾಗ ಹಿಡಿದಿಟ್ಟಿರ್ತೀನಿ” ಎಂದು ತಂಗಿಗೆ ಹೇಳಿ ಹೋದಳು.

ನನಗೆ ಬಡ್ತಿ ಸಿಕ್ಕಿತು. ಬಾಗಿಲಿನಿಂದ ಇಳಿಸಿ, ದೇವರ ಮನೆಯಲ್ಲಿ ಮಣೆ ಮೇಲೆ, ನೀರು ತುಂಬಿದ ಹಿತ್ತಾಳೆ ಚೊಂಬಿನ ಬಾಯಲ್ಲಿ ಕೂರಿಸಿದರು. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬರತೊಡಗಿದರು. ಬಂದವರು ಮೊದಲು ಗಟ್ಟಿಯಾಗಿ ಮಳೆ, ಬೆಳೆ, ಮಕ್ಕಳ ಓದು ಎಂದು ಬೇಡಿಕೊಳ್ಳುತ್ತಿದ್ದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು, ನನ್ನ ಹತ್ತಿರ ಬಗ್ಗಿ, ನಿಜವಾದದ್ದನ್ನು ಪಿಸುಗುಡುತ್ತಿದ್ದರು. ಒಬ್ಬಳದು ಬೆರಳು. ಒಬ್ಬಳದು ಪಕ್ಕೆಲುಬು. ಮೇಷ್ಟ್ರ ಹೆಂಡತಿ ಬಂದಳು, ಪೊಲೀಸಿನವನ ಹೆಂಡತಿಯೂ ಬಂದಳು. ಎಲ್ಲರಿಗೂ ನನ್ನ ಮೊಳಕೆ ನೋಡಿ ಧೈರ್ಯ ಬಂತು. ಏನಕ್ಕೆ ಧೈರ್ಯ? ವಾಪಸು ಮನೆಗೆ ಹೋಗುವುದಕ್ಕೆ! ನಾನು ಒಂದು ಎಲೆ ಬಿಟ್ಟರೆ ಒಬ್ಬಳ ಕಾಲಿಗೆ ಒಂದು ಗಂಟು ಬಿದ್ದ ಹಾಗೆ. ಬೆಳೆಯಬಾರದು ಎಂದು ಹಟ ಹಿಡಿದೆ. ಬೇರು ಮಾತು ಕೇಳಲಿಲ್ಲ.

ನಾಗಭೂಷಣ ಮೂರು ವಾರ ಬಂಗಾರದಂಥ ಮನುಷ್ಯನಾಗಿದ್ದ. ಬಂದವರಿಗೆ ತಾನೇ ತೀರ್ಥ ಕೊಡುತ್ತಿದ್ದ. ದಾಕ್ಷಾಯಣಿಗೆ ಐದು ತಿಂಗಳು ತುಂಬಿತು. ಕೂಸು ಒಳಗೆ ಮಿಸುಕಾಡಿತು ಎಂದು ಅವಳು ಮೊದಲು ಹೇಳಿದ್ದು ನನಗೆ.

ಒಂದು ಶುಕ್ರವಾರ ಬೆಳಿಗ್ಗೆ ಪಕ್ಕದೂರಿನ ಮುದುಕಿಯೊಬ್ಬಳು ಬಂದಳು. ಮಾತಿನ ನಡುವೆ ನೇರವಾಗಿ ಕೇಳಿಬಿಟ್ಟಳು: “ಏನಮ್ಮಿ, ಈಗ ನಿನ್ನ ಗಂಡ ಪೂರಾ ನಿಲ್ಸವ್ನಾ?”

ದಾಕ್ಷಾಯಣಿ ‘ಹೂಂ’ ಅನ್ನಬೇಕಿತ್ತು. ಬಾಯಿ ತೆರೆದಳು, ಮಾತು ತಡವಾಯಿತು. ಒಂದು ರೆಪ್ಪೆ ಬಡಿಯುವಷ್ಟು ತಡ. ಬಾಗಿಲಲ್ಲಿದ್ದ ನಾಗಭೂಷಣ ನಗುತ್ತಲೇ ಮುದುಕಿಗೆ ಹೂವು ಕೊಟ್ಟು ಕಳಿಸಿದ. ಕದ ಹಾಕಿದ.

“ಹೂಂ ಅನ್ನಕ್ಕೆ ಬಾಯಿ ಬಿದ್ದೋಗಿತ್ತಾ?”

ತಳ್ಳಿದ. ಅವಳು ಮಣೆಗೆ ತಗುಲಿ ಪಕ್ಕಕ್ಕೆ ಬಿದ್ದಳು. ಚೊಂಬು ಉರುಳಿತು. ನಾನು ಗಾಳಿಯಲ್ಲಿದ್ದೆ. ನೆಲಕ್ಕೆ ಬಿದ್ದು ಮೊಳಕೆ ಮುರಿದು ಸಾಯೋಣ, ಪೀಡೆ ತೊಲಗಲಿ ಎಂದುಕೊಳ್ಳುವಷ್ಟರಲ್ಲಿ ಎರಡು ಕೈ ನನ್ನನ್ನು ಹಿಡಿದವು.

ಅವನ ಕೈ. ದೇವರಾಣೆ, ಅಷ್ಟು ಮೆತ್ತನೆಯ ಕೈಯನ್ನು ನಾನು ಕಂಡಿದ್ದಿಲ್ಲ. ಮೊಳಕೆಗೆ ಬೆರಳು ತಾಗದ ಹಾಗೆ, ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದ. ಎಲೆ ಸೀಳಿದೆಯೋ ಎಂದು ಬೆಳಕಿಗೆ ತಿರುಗಿಸಿ ನೋಡಿದ. ಉಫ್ ಎಂದು ಧೂಳು ಊದಿದ. “ಅಯ್ಯೋ, ಮೊಳಕೆ! ಮೊಳಕೆಗೆ ಏನೂ ಆಗಿಲ್ಲ ತಾನೇ?” ಎಂದು ಹೊನ್ನಮ್ಮನೂ ಓಡಿ ಬಂದದ್ದು ನನ್ನ ಹತ್ತಿರಕ್ಕೇ.

ದಾಕ್ಷಾಯಣಿ ನೆಲದ ಮೇಲೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನೋಡುತ್ತಿದ್ದಳು. ನನ್ನನ್ನಲ್ಲ, ಅವನ ಕೈಯನ್ನು.

“ಅಂದ್ರೆ, ಬರ್ತದೆ ನಿಮ್ಗೆ” ಎಂದಳು.

“ಏನು?”

“ಮೆತ್ತಗೆ ಹಿಡಿಯೋದು.”

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಇಷ್ಟು ದಿನ ಅವಳು ತಿಳಿದಿದ್ದದ್ದು ಪಾಪ, ಅವನ ಕೈ ಅವನ ಮಾತು ಕೇಳುವುದಿಲ್ಲ, ದೇವರೇ ಅದನ್ನು ಸರಿಮಾಡಬೇಕು ಎಂದು. ಕೈ ಸರಿಯಾಗಿಯೇ ಇತ್ತು. ಯಾರಿಗೆ ಹೇಗೆ ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಅವಳು ಗೋಡೆ ಹಿಡಿದು ಎದ್ದಳು. ಕೂಸು ಮಿಸುಕಾಡುವವರೆಗೆ ಅಲ್ಲಾಡದೆ ನಿಂತಳು. ಆ ಹೊತ್ತಿನಲ್ಲಿ ನನಗೆ ಜೀವವಿರಲಿಲ್ಲ. ಮಿಸುಕಾಡಿತು. ಮುಖದಲ್ಲಿ ಗೊತ್ತಾಯಿತು. ಬಂದು ನನ್ನ ಜುಟ್ಟಿಗೆ ಕೈ ಹಾಕಿದಳು. ಅವನು ಗಟ್ಟಿಯಾಗಿ ಹಿಡಿದುಕೊಳ್ಳುವಂತಿಲ್ಲ, ಮೊಳಕೆ ಮುರಿಯುತ್ತದೆ! ಬಿಟ್ಟ.

“ದೇವರ ಕಾಯಿ ಎತ್ಕೊಂಡು ಎಲ್ಲಿಗೆ? ಶಾಪ ತಟ್ತದೆ!”

“ಮೊಳೆತಿದ್ದು ನಾನು ನೀರು ಹಾಕಿದ್ದಕ್ಕೆ ಕಣ್ರೀ. ಬೇರೆ ಏನಕ್ಕೂ ಅಲ್ಲ.”

ಮೊಳೆತಾಗಿನಿಂದ ನಾನು ಕೂಗುತ್ತಿದ್ದ ಮಾತು ಅದು. ಕೊನೆಗೂ ಒಬ್ಬರ ಬಾಯಲ್ಲಿ ಬಂತು.

ಉಟ್ಟ ಸೀರೆಯಲ್ಲೇ ಹೊರಟಳು. ಹೊನ್ನಮ್ಮ ಹಿಂದೆಯೇ ಬಂದಳು: “ಇನ್ನೊಂದೇ ನಲವತ್ತೆಂಟು ದಿನ ನೋಡಮ್ಮಿ…”

“ನೀವು ಏಳು ಸಲ ನೋಡಿದ್ರಿ ಅತ್ತೆ.”

ಅತ್ತೆ ಅಲ್ಲೇ ನಿಂತಳು. ಒಳಗಿನಿಂದ ನಾಗಭೂಷಣ ದಾಪುಗಾಲು ಹಾಕಿ ಬರುತ್ತಿದ್ದ. ಆಗ ಹೊನ್ನಮ್ಮ ಯಾರೂ ನಿರೀಕ್ಷಿಸದ ಕೆಲಸ ಮಾಡಿದಳು. ಹೊಸಿಲ ಮೇಲೆ ದೊಪ್ಪೆಂದು ಕೂತು, ಎರಡೂ ಕಾಲು ಅಡ್ಡ ಚಾಚಿ, ಎಲೆಯಡಿಕೆ ಚೀಲ ಬಿಚ್ಚಿದಳು.

“ಏಳವ್ವ!”

“ಮಂಡಿ ಹಿಡ್ಕೊಂಡದೆ ಕಣ್ಲಾ. ಏಳಕ್ಕಾಗಲ್ಲ. ಬೇಕಾದ್ರೆ ಹೆತ್ತ ತಾಯಿನ ದಾಟ್ಕೊಂಡು ಹೋಗು.”

ಭಜನೆಯಲ್ಲಿ ತಾಳ ಹಾಕುವ ಮನುಷ್ಯ, ಬೀದಿ ನೋಡುತ್ತಿದೆ, ತಾಯಿಯನ್ನು ಹೇಗೆ ದಾಟುತ್ತಾನೆ? ಅವಳು ಎಲೆ ಮಡಿಸಿ, ಅಡಿಕೆ ಕತ್ತರಿಸಿ, ಸುಣ್ಣ ಹುಡುಕಿ, ನಿಧಾನವಾಗಿ ಅಗಿದು ಮುಗಿಸುವ ಹೊತ್ತಿಗೆ ನಮ್ಮನ್ನು ಹೊತ್ತ ಹತ್ತೂವರೆ ಬಸ್ಸು ತಿಪಟೂರಿನ ಅರ್ಧ ದಾರಿಯಲ್ಲಿತ್ತು. ಆ ಬಸ್ಸು ಆವತ್ತು ನೆಲ ಮುಟ್ಟಲಿಲ್ಲ. ನಾನೇ ಕಿಟಕಿಯಿಂದ ನೋಡಿದೆ, ಚಕ್ರದ ಕೆಳಗೆ ಬರೀ ಗಾಳಿ.

ಗಿರಿಜಾ ನನ್ನನ್ನು ಹಾಸ್ಟೆಲಿನ ಅಡುಗೆಮನೆ ಹಿಂದೆ, ಅಕ್ಕಿ ತೊಳೆದ ನೀರು ಹೋಗುವ ಕಡೆ ನೆಟ್ಟಳು. “ನಿನ್ನ ಮೇಲೆ ಕೋಪ ಐತೆ. ಆದ್ರೂ ಬದುಕ್ಕೋ” ಎಂದಳು. ನಾಲ್ಕು ತಿಂಗಳಿಗೆ ಹೆಣ್ಣು ಕೂಸು ಹುಟ್ಟಿತು. ಅದರ ಮೊದಲ ಅಳುವಿಗೆ ಹಾಸ್ಟೆಲಿನ ಹೆಂಚು ನಾಲ್ಕು ಹಾರಿಹೋದವು.

ಅಲ್ಲಿಗೆ ಎಲ್ಲ ಮುಗಿಯಿತು ಅಂತೀರಾ? ಇಲ್ಲ. ನಾಗಭೂಷಣ ಅಯ್ನೋರನ್ನು ಕರೆದುಕೊಂಡು ಗೇಟಿನ ಹತ್ತಿರ ಮೂರು ಸಲ ಬಂದ. ಎರಡು ಸಲ ಗಿರಿಜಾ ಓಡಿಸಿದಳು. ಮೂರನೇ ಸಲ ದಾಕ್ಷಾಯಣಿ ತಾನೇ ಎದ್ದು, ಕನ್ನಡಿ ನೋಡಿ, ಸೆರಗು ಸರಿಮಾಡಿಕೊಂಡು ಹೋದಳು. ಅವಳ ಮುಖದಲ್ಲಿ ಮೂವತ್ತಮೂರನೇ ದಿನದ ಆ ಬೆಳಕು ಕಂಡು ನನ್ನ ಎರಡು ಗರಿಯೂ ನಡುಗಿದವು. ಬಹಳ ಹೊತ್ತು ಬರಲಿಲ್ಲ. ಕೊನೆಗೆ ಒಬ್ಬಳೇ ಬಂದು ಪಾತ್ರೆ ಮುಂದೆ ಕೂತಳು.

“ಅವ್ರು ಅತ್ರು ಕಣಕ್ಕ.”

“ನೀನು?”

“ನಾನೂ ಅತ್ತೆ. ಅತ್ಕೊಂಡೇ ವಾಪಸ್ ಬಂದೆ.”

ಇದಾಗಿ ಮೂವತ್ತು ವರ್ಷ ದಾಟಿದೆ. ಗಿರಿಜಾ ತೀರಿಕೊಂಡಳು. ದಾಕ್ಷಾಯಣಿ ಈಗ ಇಲ್ಲಿನ ದೊಡ್ಡ ಅಡುಗೆಯವಳು. ಹುಡುಗಿಯರಿಗೆಲ್ಲ ದಾಕ್ಷಮ್ಮ. ನನ್ನ ಮೈಯಲ್ಲಿ ಕೆಂಪು ಮೂತಿ ಹುಳು ತೂತು ಕೊರೆದಿದೆ, ಸುಳಿ ಬಾಗಿದೆ. ಮುಂದಿನ ಬೇಸಿಗೆಗೆ ಕಡಿಯುತ್ತಾರಂತೆ. ಅದರ ಚಿಂತೆ ಇಲ್ಲ. ಇನ್ನೊಂದರ ಚಿಂತೆ ಇದೆ. ನನ್ನ ಕಥೆ ಹೇಗೋ ಊರು ಸೇರಿ, ಅರ್ಧ ಮಾತ್ರ ಸೇರಿ, ಈಗಲೂ ಹೆಂಗಸರು ಈ ಬುಡಕ್ಕೆ ಬಂದು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅವರ ನಂಬಿಕೆಯನ್ನು ನಾನು ಆಡಿಕೊಳ್ಳುವುದಿಲ್ಲ. ಅದರ ನೀರು ಕುಡಿದೇ ಬೆಳೆದವನು ನಾನು. ಆದರೆ ಆ ನೀರನ್ನು ಅವರು ತಮ್ಮ ಬುಡಕ್ಕೆ ಒಂದು ಚೊಂಬು ಹಾಕಿಕೊಂಡಿದ್ದರೆ ಏನೇನು ಮೊಳೆಯುತ್ತಿತ್ತೋ ಎಂದು ಗಾಳಿ ಬೀಸಿದಾಗಲೆಲ್ಲ ಯೋಚಿಸುತ್ತೇನೆ.

ಸರಿ, ಇಷ್ಟು ಹೊತ್ತು ನನಗೆ ಒರಗಿಕೊಂಡು ಪುಕ್ಕಟೆಯಾಗಿ ಕಥೆ ಕೇಳಿದಿರಿ. ವಿಮಾನದ ಮಾತಿಗೆ ಮಾತ್ರ ನಕ್ಕಿರಿ, ಉಳಿದದ್ದಕ್ಕೆ ನಗಲಿಲ್ಲ. ಅದನ್ನೂ ನೋಡಿದೆ. ಈ ಸುಡುಬಿಸಿಲಲ್ಲಿ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಏಕೆ ತೊಟ್ಟಿದ್ದೀರಿ ತಾಯಿ? ನಾನು ಕೇಳುವುದಿಲ್ಲ, ನಾನು ಬರೀ ಮರ. ಆದರೆ ನಮ್ಮ ಕಡೆ ಕಥೆ ಕೇಳಿದವರು ಒಂದು ಕಥೆ ಹೇಳದೆ ಏಳುವ ಹಾಗಿಲ್ಲ. ದಾಕ್ಷಮ್ಮ ಸೌಟು ಹಿಡಿದು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಾಳೆ. ಹೋಗಿ, ಅವಳ ಬಲಗಡೆ ಕೂತು, ನಿಮ್ಮದನ್ನು ಶುರು ಮಾಡಿ. ಉತ್ಪ್ರೇಕ್ಷೆ ಬೇಡ, ಅದು ನನ್ನ ಕಸುಬು. ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು.